ಹಿಮ್ಮಡಿ ಹೊಲಿಯದ ಮೆಟ್ಟು

ಸಂಧಾನ ಮಾಡುವ ದೊಡ್ಡವರನ್ನು ಬಿಟ್ಟು ಅವರ ದೂತರಿಗೆ ಮೆಟ್ಟು ಹೊಲಿಯುವವಳ ಬಗ್ಗೆ ಬರೆಯುವುದು ಅಧಿಕಪ್ರಸಂಗವೆನಿಸಿದರೆ ಓದುಗರು ಮನ್ನಿಸಬೇಕು. ಬರೆಯದೆ ಬಿಡಲು ಮನಸ್ಸು ಒಪ್ಪಲಿಲ್ಲ.

ಅಮೆರಿಕದ ಮಸ್ಕಿಂಗಮ್ ನದಿಯ ಮೇಲಿನ ಮಂಜು ಇನ್ನೂ ಕರಗಿಲ್ಲ. ಬಿಳಿಯರು ಡೆಲವೇರ್ ಎಂದು ಕರೆಯುವ ಲೆನಾಪೆ ಮೂಲನಿವಾಸಿಗಳ ಊರು. ಸಭಾಮನೆಯ ಹೊರಗೆ, ಬೆಂಕಿಯ ಪಕ್ಕ, ಓಪಾನಿಸ್ಕ್ವೆ ದೂತನೊಬ್ಬನ ಕಾಲನ್ನು ಮಡಿಲಲ್ಲಿಟ್ಟುಕೊಂಡು ಮುಳ್ಳು ತೆಗೆಯುತ್ತಿದ್ದಾಳೆ. ಸಭೆಯ ಮಾತನ್ನು, ಅದಕ್ಕೆ ಸಾಕ್ಷಿಯಾಗಿ ನೇಯ್ದ ಚಿಪ್ಪಿನ ಮಣಿಪಟ್ಟಿಯ ಜೊತೆ, ಇಂಗ್ಲಿಷರ ಕೋಟೆಗೆ ಒಯ್ಯುವವನು ಅವನು. ಹೆಸರು ಚಮಾಮೆಸ್, ಅಂದರೆ ಮೊಲ.

"ಅಲುಗಬೇಡ್ವೋ. ಹೆಸರಿಗೆ ಮೊಲ, ಕಾಲು ನೋಡಿದ್ರೆ ಮುಳ್ಳುಹಂದಿ!"

"ಮೆಲ್ಲಗೆ ಚಿಕ್ಕಮ್ಮ, ಕಾಲು ನಂದು!"

ದೂರದಿಂದ ಬಂದವರಿಗೆ 'ನಿಮ್ಮ ಕಾಲಿನ ಮುಳ್ಳು ಕಿತ್ತಿದ್ದೇವೆ, ಕಣ್ಣೀರು ಒರೆಸಿದ್ದೇವೆ' ಎಂದು ಹೇಳಿದ ಮೇಲೆಯೇ ಇಲ್ಲಿ ಸಭೆ ಶುರು. "ಹಿರಿಯರು ಬಾಯಲ್ಲಿ ಕೀಳ್ತಾರೆ, ನಾನು ದಬ್ಬಳದಲ್ಲಿ ಕೀಳ್ತೀನಿ," ಎಂದು ಅವಳು ನಗುತ್ತಾಳೆ. ಕೋಟೆಗೆ ಹೋಗಿಬರುವಷ್ಟರಲ್ಲಿ ಒಬ್ಬನಿಗೆ ಮೂರು ಜೊತೆ ಮೆಟ್ಟು ಸವೆಯುತ್ತವೆ. ಎಲ್ಲವೂ ಅವಳ ಕೈಯವೇ.

ಅವಳು ಹುಟ್ಟಿದ್ದು ಮೂಡಣದ ದೊಡ್ಡ ಹೊಳೆಯ ದಂಡೆಯಲ್ಲಿ. ಬಿಳಿಯರ ಬೇಲಿ ಮುಂದೆ ಬಂದಂತೆಲ್ಲ ಊರು ಹಿಂದೆ ಸರಿಯಿತು. ಗಂಡ ಯುದ್ಧದಲ್ಲಿ ಹೋದ, ಮಗಳು ಸಿಡುಬಿನಲ್ಲಿ. ಮಗಳ ಜಾಗಕ್ಕೆ, ಗಡಿಯಲ್ಲಿ ಸೆರೆಸಿಕ್ಕ ಬಿಳಿ ಹುಡುಗಿಯೊಬ್ಬಳನ್ನು ಹೊಳೆಯಲ್ಲಿ ಮೀಯಿಸಿ, ಚೂಲೆನ್ಸ್, ಅಂದರೆ ಹಕ್ಕಿ, ಎಂದು ಹೆಸರಿಟ್ಟು ಇವಳ ಮಡಿಲಿಗೆ ಹಾಕಿದರು. ಯುದ್ಧ ನಿಂತಾಗ ಕೋಟೆಯವರ ಷರತ್ತು: ಸೆರೆಯವರೆಲ್ಲ ವಾಪಸ್ ಬರಬೇಕು. ಸಭೆ ಮಾತು ಕೊಟ್ಟಾಗಿತ್ತು. ಹುಡುಗಿ ಇವಳ ಹೊದಿಕೆ ಹಿಡಿದು ಬಿಡಲಿಲ್ಲ; ಇವಳೇ ಒಂದೊಂದು ಬೆರಳಾಗಿ ಬಿಡಿಸಿ ಕಳಿಸಿದಳು.

ಮುಳ್ಳು ಬಂತು. ಓಪಾನಿಸ್ಕ್ವೆ ಹೊದಿಕೆಯಡಿಯಿಂದ ಜಿಂಕೆ ತೊಗಲಿನ ಪುಟ್ಟ ಜೊತೆಯೊಂದನ್ನು ತೆಗೆಯುತ್ತಾಳೆ.

"ಇದನ್ನೂ ಒಯ್ಯಪ್ಪ. ಚೂಲೆನ್ಸ್‌ಗೆ."

"ಸಭೆಯ ಮಣಿಪಟ್ಟಿ ಹೊತ್ತವನು ಬೇರೆ ಗಂಟು ಹೊರಬಾರದು, ನಿಂಗೊತ್ತಿಲ್ವಾ?" ಅವನು ತಿರುಗಿಸಿ ನೋಡುತ್ತಾನೆ. "ಅಯ್ಯೋ, ಹಿಮ್ಮಡೀನೇ ಹೊಲಿದಿಲ್ಲ! ವಯಸ್ಸಾಯ್ತು ಚಿಕ್ಕಮ್ಮ ನಿಂಗೆ."

"ಮರೆತಿಲ್ವೋ ಪೆದ್ದ. ಕಾಲು ಎಷ್ಟು ಬೆಳೆದಿದ್ಯೋ ನಂಗೇನು ಗೊತ್ತು? ಒಳಗೆ ಹೊಲಿಯೋಕೆ ನಾರು ಇಟ್ಟಿದ್ದೀನಿ. ಅಲ್ಲಿ ಹೆತ್ತವಳು ಇದ್ದಾಳಲ್ಲ, ಅಳತೆ ನೋಡಿ ಅವಳೇ ಹೊಲೀಲಿ."

ಚಮಾಮೆಸ್ ಮೆಟ್ಟನ್ನು ಮಣಿಪಟ್ಟಿಯ ಕೆಳಗೆ, ಚೀಲದ ತಳಕ್ಕೆ ತುರುಕುತ್ತಾನೆ. ಹೊರಡುವಾಗ ಕೇಳುತ್ತಾನೆ: "ಆಯಮ್ಮನಿಗೆ ಏನು ಹೇಳಲಿ?"

"ಮುಂಭಾಗ ನಂದು, ಹಿಮ್ಮಡಿ ನಿಂದು ಅಂತ ಹೇಳು. ಸಾಕು."

ಚಮಾಮೆಸ್ ಇನ್ನೂ ಹಿಂದಿರುಗಿಲ್ಲ. ಓಪಾನಿಸ್ಕ್ವೆ ಇನ್ನೊಂದು ತೊಗಲು ನೆನೆಹಾಕಿದ್ದಾಳೆ, ಕೊಂಚ ದೊಡ್ಡದನ್ನು. ಆ ಹಿಮ್ಮಡಿಗೆ ಹೊಲಿಗೆ ಬಿತ್ತೇ ಎಂಬುದು ಇದನ್ನು ಬರೆಯುವ ಹೊತ್ತಿಗೂ ತಿಳಿದುಬಂದಿಲ್ಲ.