ಹಿತ್ತಲಿನ ಬೂದುನೀಲಿ ಗಿಡ

ಕೋವಿಡ್ ಗಲಾಟೆ ಮುಗಿದು ಕಾಲೇಜುಗಳು ಮಾಮೂಲಿಗೆ ಮರಳಿದ್ದ ವರ್ಷವದು. ಆಗ ನಾನು ಕೋಲಾರದ ಪದವಿ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ವಿಭಾಗದ ಮುಖ್ಯಸ್ಥೆ. ನಿವೃತ್ತಿ ಹತ್ತಿರದಲ್ಲಿತ್ತು. ನನ್ನ ಕ್ಷೇತ್ರ ಟ್ಯಾಕ್ಸಾನಮಿ, ಅಂದರೆ ಗಿಡವನ್ನು ನೋಡಿ ಅದು ಯಾವ ಕುಟುಂಬದ್ದು, ಹೆಸರೇನು ಎಂದು ನಿರ್ಧರಿಸುವ ವಿದ್ಯೆ. ಹಿತ್ತಲಲ್ಲಿ ತಾನಾಗಿ ಹುಟ್ಟಿದ ಗಿಡದ ಫೋಟೊ ತೆಗೆದು ‘ಇದ್ಯಾವ ಗಿಡ ಮೇಡಂ?’ ಎಂದು ಜನ ವಾಟ್ಸ್ಆ್ಯಪ್ ಮಾಡುತ್ತಿದ್ದರು. ನಾನು ಹೆಸರು ಬರೆದು ಕಳಿಸುತ್ತಿದ್ದೆ. ಅಲ್ಲಿಗೆ ಕೆಲಸ ಮುಗಿಯುತ್ತಿತ್ತು. ಒಂದು ಸಲ ಮಾತ್ರ ಹಾಗಾಗಲಿಲ್ಲ.

ಆ ಸೋಮವಾರ ಡಾ. ಶಾಹೀನ್ ಫೋನ್ ಮಾಡಿದಳು. ಆಕೆ ನಮ್ಮ ಕಾಲೇಜಿನಲ್ಲಿ ಪಿಯುಸಿ ಓದುವಾಗ ನನ್ನ ವಿದ್ಯಾರ್ಥಿನಿ, ಈಗ ಕೋಲಾರದ ಆಸ್ಪತ್ರೆಯೊಂದರಲ್ಲಿ ವೈದ್ಯೆ. ಶನಿವಾರ ಮಧ್ಯಾಹ್ನ ಶಿವಾರಪಟ್ಟಣದ ಕಡೆಯ ಹಳ್ಳಿಯೊಂದರಿಂದ ತಾಯಿ, ಮಗ ಇಬ್ಬರನ್ನೂ ಕರೆತಂದಿದ್ದರು. ಮಗ ವೆಂಕಟೇಶ, ಕಲ್ಲು ಪಾಲಿಶ್ ಮಾಡುವವನು. ವಾಂತಿ ಮಾಡಿಕೊಂಡು, ಬಾಯಲ್ಲಿ ಜೊಲ್ಲು ಸುರಿದು, ಆಮೇಲೆ ಕೈಕಾಲಿನ ಶಕ್ತಿ ಹೋಗಿ, ಕೊನೆಗೆ ಉಸಿರಾಟದ ಸ್ನಾಯುಗಳೇ ನಿಂತುಹೋದವು. ಅವನು ಉಳಿಯಲಿಲ್ಲ. ತಾಯಿ ಮುನಿಯಮ್ಮ ತಿಂದದ್ದು ಕಡಿಮೆ, ತಿಂದದ್ದನ್ನೂ ಬೇಗ ಕಕ್ಕಿದ್ದರಿಂದ ಬದುಕಿಕೊಂಡಿದ್ದರು.

“ಟೊಮೇಟೊಗೆ ಹೊಡೆಯೋ ಔಷಧಿ ಅಂತ ಎಲ್ಲರೂ ಅಂತಿದ್ದಾರೆ ಮೇಡಂ. ಆದ್ರೆ ಬ್ಲಡ್ ಟೆಸ್ಟ್ ಅದಕ್ಕೆ ಹೊಂದ್ತಿಲ್ಲ. ಅವರು ತಿಂದಿದ್ದು ಮುದ್ದೆ, ಬೆರಕೆ ಸೊಪ್ಪಿನ ಸಾರು. ಒಂದ್ಸಲ ಆ ಸೊಪ್ಪು ನೋಡ್ತೀರಾ?”

ಅವಸರಕ್ಕೆ ಕಾರಣವಿತ್ತು. ವೆಂಕಟೇಶನ ಹೆಂಡತಿ ರೂಪಾ ಆ ದಿನ ಊಟ ಮಾಡಿರಲಿಲ್ಲ. ಶನಿವಾರ ಅವಳಿಗೆ ಒಪ್ಪೊತ್ತು, ರಾತ್ರಿ ಮಾತ್ರ ಊಟ. ಅಂಗನವಾಡಿಗೆ ಹೋಗುವ ಮಗಳು ಅಲ್ಲೇ ಉಂಡು ಬಂದಿದ್ದಳು. ಸಾರು ಮಾಡಿದವಳು ರೂಪಾ. ಸೊಪ್ಪು ಯಾರು ತಂದದ್ದು ಎಂದು ಶಾಹೀನ್ ಕೇಳಿದಾಗ “ನಾನೇ ಕಿತ್ತಿದ್ದು” ಎಂದಿದ್ದಳು. ಮನೆಯ ಮೂಲೆಯಲ್ಲಿ ಔಷಧಿ ಡಬ್ಬಿಯೂ ಸಿಕ್ಕಿತ್ತು. ಅತ್ತೆ ಸೊಸೆಗೆ ಮೊದಲಿಂದಲೂ ಅಷ್ಟಕ್ಕಷ್ಟೇ. ಮಾರನೆಯ ದಿನ ಮಗನ ಹೆಣದ ಜೊತೆಗೇ ಆಸ್ಪತ್ರೆಯಿಂದ ಮನೆಗೆ ಬಂದ ಮುನಿಯಮ್ಮ ಊರೆಲ್ಲ ಕೇಳುವಂತೆ, “ಇವಳೇ ಹಾಕವ್ಳೆ! ನನ್ ಮಗನ್ನ ನುಂಗ್ಬಿಟ್ಲು!” ಎಂದು ಕೂಗಿದ್ದರು. ಮಣ್ಣು ಮಾಡಿದ ಮಾರನೆಯ ದಿನವೇ ರೂಪಾಳನ್ನು ಠಾಣೆಗೆ ಕರೆಸಿದ್ದರು.

ಸಾರಿನ ಪಾತ್ರೆಯನ್ನು ಸೀಲ್ ಮಾಡಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಿದ್ದರು. “ಆ ರಿಪೋರ್ಟ್ ಬರೋಕೆ ತಿಂಗಳುಗಟ್ಲೆ ಆಗುತ್ತೆ. ಅಲ್ಲೀವರೆಗೂ ಈಯಮ್ಮನ್ನ ಹೊರಗೆ ಬಿಡೋದು ಕಷ್ಟ,” ಎಂದರು ನಾನು ಠಾಣೆಗೆ ಹೋದಾಗ ಸಿಕ್ಕ ಸಬ್ ಇನ್‌ಸ್ಪೆಕ್ಟರ್. ಅವರ ಜೀಪಿನಲ್ಲೇ ನಾನು ಆ ಮನೆಗೆ ಹೋದೆ.

ಚಿಕ್ಕ ಹಿತ್ತಲು. ಬಚ್ಚಲ ನೀರು ಹರಿಯುವ ಕಡೆ ಕರಿಬೇವು, ದಂಟು, ಒಂದು ಸೀಮೆಬದನೆ ಬಳ್ಳಿ. ತಗ್ಗಿನಲ್ಲಿ ನೀರು ನಿಲ್ಲುತ್ತದೆಂದು ಹಿಂದಿನ ಬೇಸಿಗೆಯಲ್ಲಿ ವೆಂಕಟೇಶನೇ ಕಲ್ಲು ಕೆತ್ತುವ ಜಾಗದಿಂದ ಪುಡಿ, ಚೂರು ತಂದು ಸುರಿದು ಮಟ್ಟ ಮಾಡಿದ್ದನಂತೆ. ಆ ಕಲ್ಲುಪುಡಿಯ ಮೇಲೆಯೇ ಒಂದು ಜಾತಿಯ ಸಸಿಗಳು ಗುಂಪಾಗಿ ಎದ್ದಿದ್ದವು. ಎಲೆ ನುಣುಪು, ಮೇಣ ಸವರಿದ ಹಾಗೆ. ಹಸಿರಿನ ಮೇಲೆ ಬೂದುನೀಲಿ ಛಾಯೆ. ಕುಡಿಗಳನ್ನು ಯಾರೋ ಚಿವುಟಿದ್ದರು, ಚಿವುಟಿದ ಜಾಗ ಒಣಗಿ ಕಂದುಬಣ್ಣಕ್ಕೆ ತಿರುಗಿತ್ತು.

ಮುನಿಯಮ್ಮ ಹಿತ್ತಲ ಬಾಗಿಲಿಗೆ ಒರಗಿ ಕೂತಿದ್ದರು. ನಾನು ಒಂದು ಕುಡಿ ಮುರಿದು ತೋರಿಸಿದೆ.

“ಇದ್ಯಾವ ಸೊಪ್ಪಮ್ಮಾ?”

“ಚಕ್ಕೋತ,” ಎಂದರು ಆಕೆ ತಕ್ಷಣ. “ಈ ಸಲ ತಾನೇ ಹುಟ್ಕೊಂಡೈತೆ. ಎಳೇದು ನೋಡಿ ನಾನೇ ಕಿತ್ತೆ. ಅವಳಿಗೆಲ್ಲಿ ಗೊತ್ತಾಗುತ್ತೆ ಸೊಪ್ಪು? ಈ ಮನೇಗೆ ಬಂದಾಗಿಂದ ಒಂದಿನಾನೂ ಸೊಪ್ಪು ಕಿತ್ತೋಳಲ್ಲ.”

ಸಬ್ ಇನ್‌ಸ್ಪೆಕ್ಟರ್ ನನ್ನ ಮುಖ ನೋಡಿದರು. ನಾನು ಕೈಲಿದ್ದ ಕುಡಿಯನ್ನೇ ನೋಡುತ್ತ ನಿಂತೆ. ನಮ್ಮ ಕಡೆ ಸಾರಿಗೆ ಹಾಕುವ ಚಕ್ಕೋತ ಸೊಪ್ಪಿನ ಎಳೆಯ ಎಲೆಯ ಮೇಲೂ ಬಿಳಿ ಪುಡಿ ಇರುತ್ತದೆ. ಆದರೆ ಅದರ ಅಂಚಿಗೆ ಹಲ್ಲುಗಳಿರುತ್ತವೆ. ಇದರ ಅಂಚು ಸಪಾಟು. ನನಗೆ ಅನುಮಾನ ಬಂದಿತ್ತು, ಆದರೆ ಹೂವಿಲ್ಲದೆ ಹೆಸರು ಹೇಳಕೂಡದು ಎಂಬುದು ನಮ್ಮ ವಿದ್ಯೆಯ ಮೊದಲ ಪಾಠ. ಅದರಲ್ಲೂ ಒಬ್ಬ ಹೆಣ್ಣುಮಗಳ ಬದುಕು ಆ ಹೆಸರಿನ ಮೇಲೆ ನಿಂತಿರುವಾಗ. ವೆಂಕಟೇಶ ಕಲ್ಲುಪುಡಿ ತಂದ ಜಾಗ ತೋರಿಸಿ ಎಂದೆ.

ಊರಾಚೆ ಕಲ್ಲುಚೂರಿನ ದೊಡ್ಡ ಗುಡ್ಡೆಯಿತ್ತು. ಅದರ ನೆತ್ತಿಯಲ್ಲಿ ಅದೇ ಗಿಡ ಆಳೆತ್ತರ ಬೆಳೆದು, ತೆಳ್ಳನೆಯ ಹಳದಿ ಕೊಳವೆಗಳಂಥ ಹೂಗಳನ್ನು ಬಿಟ್ಟಿತ್ತು. ಇನ್ನು ಅನುಮಾನ ಉಳಿಯಲಿಲ್ಲ. ನಿಕೋಟಿಯಾನಾ ಗ್ಲಾಕಾ. ಹೊಗೆಸೊಪ್ಪಿನ ಕುಟುಂಬದ್ದು, ದಕ್ಷಿಣ ಅಮೆರಿಕದಿಂದ ಬಂದು ನಮ್ಮ ಕಲ್ಲುಕ್ವಾರಿ, ಪಾಳು ಜಾಗಗಳಲ್ಲಿ ನೆಲೆಯೂರಿದ್ದು. ಬೀಜ ಧೂಳಿನಷ್ಟು ಸಣ್ಣದು, ಕಲ್ಲುಪುಡಿಯ ಜೊತೆ ಎಲ್ಲಿಗೆ ಬೇಕಾದರೂ ಹೋಗುತ್ತದೆ. ಇದರ ಎಲೆಯಲ್ಲಿ ಅನಬೇಸಿನ್ ಎಂಬ ವಿಷವಿದೆ. ಬೇಯಿಸಿದರೂ ಹೋಗುವುದಿಲ್ಲ. ಅದು ಸ್ನಾಯುಗಳನ್ನು ಸೋಲಿಸುತ್ತದೆ. ಶಾಹೀನ್ ಹೇಳಿದ ಒಂದೊಂದು ಲಕ್ಷಣವೂ ಇದಕ್ಕೆ ಹೊಂದುತ್ತಿತ್ತು.

ಹೇಳಿಕೆ ಬರೆದುಕೊಳ್ಳಲು ಮತ್ತೆ ಆ ಮನೆಗೆ ಹೋಗಬೇಕಾಯಿತು. ಯಾರು ಹೇಳಬೇಕು ಎಂದು ನಾವಿಬ್ಬರೂ ದಾರಿಯಲ್ಲಿ ಮಾತಾಡಿಕೊಂಡಿರಲಿಲ್ಲ. ಮುನಿಯಮ್ಮನೇ ಕೇಳಿದರು.

“ಯಾಕಮ್ಮಾ, ಮತ್ತೆ ಬಂದ್ರಿ? ಏನು ಅದು?”

ನಾನು ಅವರ ಎದುರು ಕುಕ್ಕರುಗಾಲಲ್ಲಿ ಕೂತೆ. “ಅಮ್ಮಾ, ಇದು ಚಕ್ಕೋತ ಅಲ್ಲ. ಕಾಡು ಹೊಗೆಸೊಪ್ಪಿನ ಥರದ್ದು. ವಿಷ. ನಿಮ್ಮ ಮಗ ಹೋಗಿದ್ದು ಇದರಿಂದ. ಎಳೇದಿದ್ದಾಗ ಯಾರಿಗಾದ್ರೂ ಮೋಸ ಆಗುತ್ತೆ.”

ಕೊನೆಯ ಮಾತು ಅವರಿಗೆ ಕೇಳಿಸಿತೋ ಇಲ್ಲವೋ. ತಮ್ಮ ಬಲಗೈಯನ್ನು ಎತ್ತಿ ನೋಡಿಕೊಂಡರು. ಅದುವರೆಗೆ ಕನ್ನಡದಲ್ಲೇ ಮಾತಾಡುತ್ತಿದ್ದ ಹೆಂಗಸು ಮನೆಮಾತಾದ ತೆಲುಗಿಗೆ ಹೊರಳಿದರು. “ನಾ ಕೊಡುಕಾ… ನಾ ಚೇತ್ತೋನೇನಾ?” ನನ್ನ ಮಗನೇ, ನನ್ನ ಕೈಯಿಂದಲೇನಾ ಎಂದು. ಕೂಗಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಅದೇ ಮಾತನ್ನು ಮೆಲ್ಲಗೆ ಕೇಳುತ್ತಲೇ ಇದ್ದರು. ಸಬ್ ಇನ್‌ಸ್ಪೆಕ್ಟರ್ ಹೊರಗೆ ಹೋಗಿ ಜೀಪಿನ ಹತ್ತಿರ ನಿಂತರು.

ಠಾಣೆಯಲ್ಲಿ ರೂಪಾ ಬೆಂಚಿನ ಮೇಲಿದ್ದಳು. ಮಗು ಅವಳ ತೊಡೆಯ ಮೇಲೆ ನಿದ್ದೆಹೋಗಿತ್ತು. ಗಿಡದ ಸಂಗತಿ ತಿಳಿಸಿ, “ನೀನು ಕಿತ್ತೆ ಅಂತ ಯಾಕೆ ಸುಳ್ಳು ಹೇಳ್ದೆ ತಾಯಿ?” ಎಂದೆ.

“ಡಾಕ್ಟ್ರು ಕೇಳ್ದಾಗ್ಲೇ ಸೊಪ್ಪಿಂದೇ ಇರ್ಬೇಕು ಅನ್ನುಸ್ತು ಮೇಡಂ. ಅತ್ತೆ ಪಕ್ಕದ ಮಂಚದಲ್ಲೇ ಮಲಗಿದ್ರು. ಇದ್ದ ಒಬ್ಬ ಮಗ. ನೀವೇ ಕಿತ್ತಿದ್ದು ಅಂತ ಅವ್ರು ಕೇಳುಸ್ಕೊಳೋ ಹಂಗೆ ಹೆಂಗೆ ಹೇಳ್ಲಿ?”

“ಅವರು ನಿನ್ನ ಮೇಲೆ ಹೇಳಿದ ಮೇಲಾದ್ರೂ ಹೇಳ್ಬೋದಿತ್ತು.”

“ಆಮೇಲೆ ಹೇಳಿದ್ರೆ ಯಾರು ನಂಬೋರು?” ಎಂದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ. ಗಂಡನಿಗಾಗಿ ಅಳುವುದಕ್ಕೂ ಅವಳಿಗೆ ಪುರಸೊತ್ತು ಸಿಕ್ಕಿರಲಿಲ್ಲ.

ಅಂದು ಸಂಜೆ ಅವಳನ್ನು ಮನೆಗೆ ಕಳಿಸಿದರು. ನಾನು ಗಿಡವನ್ನು ಒತ್ತಿ ಒಣಗಿಸಿ ಹಾಳೆಗೆ ಅಂಟಿಸಿದ ಮಾದರಿಯನ್ನು ವರದಿಯ ಜೊತೆ ಕೊಟ್ಟೆ. ತಿಂಗಳುಗಳ ನಂತರ ಪ್ರಯೋಗಾಲಯದ ಉತ್ತರವೂ ಅದೇ ಬಂತು. ಆಕಸ್ಮಿಕ ಸಾವು ಎಂದು ಕೇಸು ಮುಗಿಯಿತು.

ಕೆಲಸದ ಲೆಕ್ಕದಲ್ಲಿ ನನ್ನದೂ ಮುಗಿದಿತ್ತು. ಆದರೂ ಮನಸ್ಸು ತಡೆಯದೆ ನಿವೃತ್ತಿಯಾದ ಮೇಲೆ ಒಂದು ದಿನ ಆ ಮನೆಗೆ ಹೋದೆ. ಹಿತ್ತಲಲ್ಲಿ ಒಂದು ಹುಲ್ಲುಕಡ್ಡಿಯೂ ಇರಲಿಲ್ಲ. ಕರಿಬೇವನ್ನೂ ಬುಡಸಮೇತ ಕಿತ್ತು ನೆಲವನ್ನು ಸಾರಿಸಿದ್ದರು. ಊಟದ ಹೊತ್ತು. ರೂಪಾ ಅನ್ನ, ಬೇಳೆಸಾರು ಮಾಡಿ ಮೊದಲು ಅತ್ತೆಗೆ ಬಡಿಸಿದಳು. ಮುನಿಯಮ್ಮ ಉಂಡು, ಕೈ ತೊಳೆದು, ಗೋಡೆಗೆ ಒರಗಿ ಸುಮ್ಮನೆ ಕೂತರು. ಮಗು ಖಾಲಿ ತಟ್ಟೆಯ ಮುಂದೆ ಕಾಯುತ್ತಿತ್ತು. “ಹಸಿವು ಅಮ್ಮಾ,” ಎಂದಿತು. ರೂಪಾ ಅದರ ತಲೆ ಸವರಿದಳೇ ಹೊರತು ಬಡಿಸಲಿಲ್ಲ. ಎಷ್ಟೋ ಹೊತ್ತಾದ ಮೇಲೆ ಮುದುಕಿ ತಮ್ಮ ಕೈಕಾಲು ಆಡಿಸಿ ನೋಡಿಕೊಂಡು, “ಏನೂ ಆಗ್ಲಿಲ್ಲ. ಈಗ ಮಗೂಗೆ ಹಾಕಮ್ಮಾ,” ಎಂದರು.

“ದಿನಾ ಹಿಂಗೇನೇ ಮೇಡಂ,” ಎಂದಳು ರೂಪಾ, ಬಡಿಸುತ್ತಾ. “ಬೇಡ ಅಂದ್ರೆ ಊಟಾನೇ ಬಿಟ್ಬಿಡ್ತಾರೆ.”

ಹೂವು ನೋಡದೆ ಹೆಸರು ಹೇಳಬಾರದು, ಗೊತ್ತಿಲ್ಲದ ಸಸಿಯನ್ನು ಎಷ್ಟೇ ಎಳೆಯದಿದ್ದರೂ ಸಾರಿಗೆ ಹಾಕಬಾರದು. ಇವೆರಡನ್ನೂ ತರಗತಿಯಲ್ಲಿ ವರ್ಷಗಟ್ಟಲೆ ಹೇಳಿದ್ದೇನೆ. ಹೇಳದೇ ಉಳಿದ ಪಾಠ ಇನ್ನೊಂದಿದೆ. ಗಿಡದ ಹೆಸರು ತಿಳಿದ ದಿನ ಪೊಲೀಸರ ಕೇಸು ಮುಗಿಯಬಹುದು. ಆ ಹೆಸರನ್ನು ಕೇಳಿಸಿಕೊಂಡವರಿಗೆ ಮುಗಿಯುವುದಿಲ್ಲ. ಹೇಳಿ ಬಂದವರು ಮತ್ತೊಮ್ಮೆ ಆ ಮನೆಯ ಬಾಗಿಲು ತಟ್ಟಬೇಕು. ಕೊಡಲು ಕೈಯಲ್ಲಿ ಏನೂ ಇಲ್ಲದಿದ್ದರೂ ಹೋಗಬೇಕು.