ಎರಡು ಗೇಣು ಒಳಗೆ

ದಿವ್ಯ ಹೊಡೆದ ಚೆಂಡು ಸುಣ್ಣದ ಗೆರೆಯಿಂದ ಎರಡು ಗೇಣು ಒಳಗೆ ಬಿತ್ತು. ಬಾವುಟವನ್ನು ಗೆರೆಯ ಹೊರಗೆ ನೆಡಲಾಯಿತು. ನೆಟ್ಟವರು ಮುನಿಯಲ್ಲಮ್ಮ.

ಮಾಲೂರು ಸೀಮೆಯ ಗಾಲ್ಫ್ ಮೈದಾನದಲ್ಲಿ ಈಗ ಬೆಳಗಿನ ಆರು ಗಂಟೆ. ಶಿವಾರಪಟ್ಟಣದ ಕಡೆಯ ಮುನಿಯಲ್ಲಮ್ಮ, ವಯಸ್ಸು ನಲವತ್ತೇಳು, ಹೊಡೆಯುವವರಿಂದ ಇನ್ನೂರು ಗಜ ಆಚೆ ನೀಲಗಿರಿ ಮರಕ್ಕೆ ಒರಗಿ ನಿಂತಿದ್ದಾರೆ. ಠಪ್ ಎಂದ ಕೂಡಲೇ ಕತ್ತೆತ್ತುವುದು, ಚೆಂಡು ಬಿದ್ದಲ್ಲಿಗೆ ಓಡಿ ಬಾವುಟ ನೆಡುವುದು ಹದಿನಾಲ್ಕು ವರ್ಷದಿಂದ ಅವರ ಕೆಲಸ. ದಿನಕ್ಕೆ ಇನ್ನೂರು ಚೆಂಡು, ಹತ್ತು ಕಿಲೋಮೀಟರ್ ನಡಿಗೆ. ತಲೆಗೆ ಸೆರಗೇ ಗತಿ.

"ದೂರ ಹೊಡೆದ್ರೆ ಅವ್ರಿಗೆ ಚಪ್ಪಾಳೆ, ವಾರೆ ಹೊಡೆದ್ರೆ ನಮ್ಗೆ ಬುಗುಟು," ಎಂದು ಜೊತೆಗಾರ ಆಂಜಿ ಪತ್ರಿಕೆಗೆ ಬರೆಯಲು ಬಂದ ನನಗೆ ಹಣೆ ಮುಟ್ಟಿ ತೋರಿಸುತ್ತಾನೆ. "ಅಕ್ಕನ್ ಕಣ್ಣು ಮಾತ್ರ ಗಿಡುಗನ್ ಕಣ್ಣು. ಬರ್ಕೊಳ್ಳಿ ಸಾರ್."

ಆ ಕಣ್ಣು ಪಳಗಿದ್ದು ತವರಿನ ಜೋಳದ ಹೊಲದಲ್ಲಿ, ಗಿಣಿ ಓಡಿಸುವ ಕವಣೆ ಹಿಡಿದು. ಕವಣೆಯ ಕಲ್ಲು ಎಷ್ಟು ದೂರ ಹೋದರೂ ಗುರಿ ತಪ್ಪಿದರೆ ದಂಡ. ಹಾಗಾಗಿ ಇಲ್ಲಿಯ ದೂರ ಹೊಡೆತದ ಸ್ಪರ್ಧೆಯ ನಿಯಮವನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಚೆಂಡು ಎಷ್ಟೇ ದೂರ ಹಾರಲಿ, ಎರಡು ಗೆರೆಗಳ ನಡುವೆ ಬಿದ್ದರಷ್ಟೇ ಲೆಕ್ಕ. ಹೊರಗೆ ಬಿದ್ದರೆ ಸೊನ್ನೆ.

ಮೈದಾನದ ಹುಲ್ಲು ಕತ್ತರಿಸುವ ದಿವ್ಯ ಹೋದ ತಿಂಗಳ ಸ್ಪರ್ಧೆಯಲ್ಲಿ ಹೊಡೆದದ್ದು ಇನ್ನೂರ ಹನ್ನೆರಡು ಗಜ. ಗೆದ್ದವರಿಗೆ ಒಂದು ವರ್ಷದ ತರಬೇತಿ. ಕ್ಲಬ್ಬಿನ ಸದಸ್ಯರೊಬ್ಬರ ಸೊಸೆಯ ಚೆಂಡು ಹತ್ತು ಗಜ ಹಿಂದೆ ಬಿದ್ದಿತ್ತು. ಮ್ಯಾನೇಜರ್ ಕದಿರೇಶ್ ದೂರದಿಂದಲೇ ಕೈ ಬೀಸಿದರು: ಹೊರಗೆ, ಹೊರಗೆ. ಕೂಲಿಯ ಹುಡುಗಿ ಗೆಲ್ಲುವುದನ್ನು ಸಹಿಸದ ಕೈ ಅದು. ಆ ಕೆಲಸ ಮಾಡಿ ಮುಗಿಸಿದ್ದು ಮಾತ್ರ ಕೂಲಿಯ ಹೆಂಗಸೊಬ್ಬಳ ಕೈ.

"'ಅಕ್ಕಯ್ಯಾ, ನೀನ್ ನೋಡ್ದೆ ತಾನೇ?' ಅಂದ್ಲು ದಿವ್ಯ. ಅಷ್ಟೇ. ಬೈದಿದ್ರೆ ಚೆನ್ನಾಗಿತ್ತು," ಎನ್ನುವ ಮುನಿಯಲ್ಲಮ್ಮ ಸೆರಗಿನ ಅಂಚು ತಿರುಚುತ್ತಾರೆ. "ಅವತ್ತಿಂದ ಅವ್ಳು ಬರೋ ದಾರೀಲಿ ನಾನ್ ಬರಲ್ಲ. ಬಳಸ್ಕೊಂಡ್ ಹೋಗ್ತೀನಿ."

ದಿವ್ಯ ಕ್ಲಬ್ಬಿನ ಸಮಿತಿಗೆ ದೂರು ಕೊಟ್ಟಿದ್ದಾಳೆ. ಹತ್ತು ಗಂಟೆಗೆ ಕದಿರೇಶ್ ಕಾಗದ ಹಿಡಿದು ಮರದಡಿಗೇ ಬರುತ್ತಾರೆ. ಸ್ಪರ್ಧೆಯ ದಿನ ಕಣ್ಣು ಮಂಜಾಗಿ ಚೆಂಡು ಸರಿಯಾಗಿ ಕಾಣಲಿಲ್ಲ ಎಂದು ಮುನಿಯಲ್ಲಮ್ಮನ ಹೆಸರಿನಲ್ಲಿ ಬರೆದಿದೆ.

"ಸೈನ್ ಹಾಕಮ್ಮ. ಯಾರೂ ನಿನ್ನ ಏನೂ ಅನ್ನಲ್ಲ. ಇಲ್ಲಾಂದ್ರೆ ನಾಳೆಯಿಂದ ಬರ್ಬೇಡ."

ಮುನಿಯಲ್ಲಮ್ಮ ತಗ್ಗಿಸಿದ ತಲೆ ಎತ್ತುವುದಿಲ್ಲ. ಚಾಚಿದ ಪೆನ್ನನ್ನು ತೆಗೆದುಕೊಳ್ಳುವುದೂ ಇಲ್ಲ.

"ಹಾಕಲ್ಲ ಸಾರ್. ಕಣ್ಣು ಚೆನ್ನಾಗೇ ಕಾಣ್ತಿತ್ತು. ಒಳಗ್ ಬಿದ್ದಿದ್ದು ನೋಡೇ ಹೊರಗ್ ನೆಟ್ಟೆ."