ಮುರ್ತಿನಾ ನೆಟ್ಟ ಜಂಬುನೇರಳೆ

ನನ್ನ ಚಿಕ್ಕಮ್ಮ ವಾರ್ಸಿನಾ ಹಕ್ಕಿ, ಹುಳು ಮುಟ್ಟದ ಹಾಗೆ ಮರದ ಹಣ್ಣಿಗೆ ಚೀಲ ಕಟ್ಟುವವಳು. ಬ್ಲಿತಾರ್ ಕಡೆಯ ನಮ್ಮ ಊರಿನಲ್ಲಿ ಯಾರ ಹಿತ್ತಿಲಲ್ಲಿ ಸೀಬೆ ಕಾಯಿ ಕಚ್ಚಿದರೂ, ಹಲಸು ಮಿಡಿ ಬಿಟ್ಟರೂ ಅವಳಿಗೆ ಕರೆ ಬರುತ್ತಿತ್ತು. ಹಲಸಿಗೆ ತೆಂಗಿನ ಗರಿಯಲ್ಲಿ ಹೆಣೆದ ಬುಟ್ಟಿ, ಸೀಬೆಗೆ ಹಳೆಯ ಪೇಪರಿನ ಪೊಟ್ಟಣ. ಮದುವೆಯಾದ ಹೊಸದರಲ್ಲಿ ಗಂಡನ ಜೊತೆ ಶುರುಮಾಡಿದ ಕೆಲಸ ಅದು. ಗಂಡ ತೀರಿಕೊಂಡ ಮೇಲೂ ಅವಳು ಏಣಿ ಬಿಡಲಿಲ್ಲ. ಮರದ ತುದಿಯ ಹಣ್ಣಿಗೆ ಮಾತ್ರ ಕಟ್ಟುತ್ತಿರಲಿಲ್ಲ, ಅದು ಹಕ್ಕಿಗಳ ಪಾಲು ಅನ್ನುತ್ತಿದ್ದಳು. ಏಣಿ ಎಟುಕದ್ದಕ್ಕೆ ಒಂದು ನೆಪ ಎಂದು ನಮ್ಮಮ್ಮ ಛೇಡಿಸಿದರೆ, ಅದೂ ಹೌದು ಎಂದು ಒಪ್ಪಿಕೊಳ್ಳುತ್ತಿದ್ದಳು.

ಅವಳ ಪಕ್ಕದ ಮನೆಯವರು ಪಾಕ್ ಕಸ್ಮುರಿ, ಅಂಚೆ ಕಚೇರಿಯಲ್ಲಿದ್ದು ನಿವೃತ್ತರಾದವರು. ದೊಡ್ಡವರನ್ನು ನಮ್ಮಲ್ಲಿ ಗಂಡಸಾದರೆ ಪಾಕ್, ಹೆಂಗಸಾದರೆ ಬು ಎಂದು ಕರೆಯುತ್ತೇವೆ. ಅವರ ಹೆಂಡತಿ ಮುರ್ತಿನಾ ಕಾಯಿಲೆ ಬೀಳುವುದಕ್ಕೆ ಮುಂಚೆ ಅಂಗಳದಲ್ಲಿ ಒಂದು ಜಂಬುನೇರಳೆ ಸಸಿ ನೆಟ್ಟಿದ್ದರು. ಅದರ ಹಣ್ಣು ತಿನ್ನಲು ಅವರು ಉಳಿಯಲಿಲ್ಲ. ತೀರಿಕೊಂಡವರ ಸಾವಿರದ ದಿನಕ್ಕೆ ನಮ್ಮಲ್ಲಿ ನೆರೆಯವರನ್ನೆಲ್ಲ ಕರೆದು, ಪ್ರಾರ್ಥನೆ ಮಾಡಿಸಿ ಊಟ ಹಾಕುತ್ತಾರೆ. ಆ ದಿನ ತಟ್ಟೆಯಲ್ಲಿ ಆ ಮರದ ಹಣ್ಣೇ ಇರಬೇಕೆಂದು ಕಸ್ಮುರಿಯವರಿಗೆ ಆಸೆ. ಆದರೆ ಮೊದಲ ಫಸಲನ್ನು ಪಿಕಳಾರ ಹಕ್ಕಿಗಳು ಒಂದೂ ಬಿಡದೆ ಕುಕ್ಕಿಹಾಕಿದವು. ಮರ ಮತ್ತೆ ಹೂ ಬಿಟ್ಟಾಗ ಸಾವಿರದ ದಿನಕ್ಕೆ ಮೂರು ತಿಂಗಳೂ ಉಳಿದಿರಲಿಲ್ಲ. ಅವರು ಪೇಟೆಯಿಂದ ಸಣ್ಣ ಕಣ್ಣಿನ ನೈಲಾನ್ ಬಲೆ ತಂದು ಮರಕ್ಕೆ ಪೂರ್ತಿ ಹೊದಿಸಿಬಿಟ್ಟರು.

ಮೂರನೆಯ ಬೆಳಗ್ಗೆ ಚಿಕ್ಕಮ್ಮ ಬೇಲಿಯಾಚೆಯಿಂದ ನೋಡಿದರೆ ಬಲೆಯಲ್ಲಿ ಎರಡು ಪಿಕಳಾರ ತಲೆಕೆಳಗಾಗಿ ನೇತಾಡುತ್ತಿದ್ದವು. ಅವಳು ಯಾರನ್ನೂ ಕೇಳದೆ ಕತ್ತರಿ ಹಿಡಿದು ಒಳಗೆ ಹೋದಳು. ಒಂದು ಆಗಲೇ ಸತ್ತಿತ್ತು. ಇನ್ನೊಂದರ ಕಾಲಿಗೆ ಸುತ್ತಿದ ಎಳೆಗಳನ್ನು ಒಂದೊಂದೇ ಬಿಡಿಸಿ, ಅದರ ನಡುಕ ನಿಲ್ಲುವವರೆಗೆ ಅಂಗೈಯಲ್ಲಿ ಮುಚ್ಚಿಟ್ಟುಕೊಂಡು, ಹಾರಿಬಿಟ್ಟಳು. ಆಮೇಲೆ ಬಲೆಯನ್ನು ಮೇಲಿನಿಂದ ಕೆಳಗಿನವರೆಗೆ ಸೀಳಿದಳು. ಅಷ್ಟರಲ್ಲಿ ಕಸ್ಮುರಿ ಕಾಫಿ ಲೋಟ ಹಿಡಿದು ಹೊರಗೆ ಬಂದರು.

"ಪಾಕ್, ನಿಮ್ಮ ಬಲೆ ಹಾಳುಮಾಡಿದೀನಿ. ಬೈಯೋದಿದ್ರೆ ಈಗಲೇ ಬೈದುಬಿಡಿ."

ಅವರು ಸತ್ತ ಹಕ್ಕಿಯನ್ನೇ ನೋಡುತ್ತಾ ನಿಂತರು. "ಸಾಯ್ಲಿ ಅಂತ ಹಾಕಿದ್ದಲ್ಲ, ಬು. ಒಂದು ತಟ್ಟೆ ಹಣ್ಣು ಉಳೀಲಿ ಅಂತ, ಅಷ್ಟೇ."

"ಒಂದು ತಟ್ಟೆ ತಾನೆ? ನಾನು ಉಳಿಸಿಕೊಡ್ತೀನಿ. ಮಳೆಗಾಲ, ಪೇಪರ್ ನಿಲ್ಲಲ್ಲ. ಹಳೇದು, ತೆಳು ಬಟ್ಟೆ ಇದ್ರೆ ತನ್ನಿ."

ಒಳಗೆ ಹೋದವರು ಬಹಳ ಹೊತ್ತು ಬರಲಿಲ್ಲ. ಬಂದಾಗ ಅವರ ಕೈಯಲ್ಲಿದ್ದದ್ದು ಮುರ್ತಿನಾ ಉಡುತ್ತಿದ್ದ ಎರಡು ಬಾಟಿಕ್ ಬಟ್ಟೆ, ಒಗೆದು ಒಗೆದು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾದವು. ಚಿಕ್ಕಮ್ಮನಿಗೆ ಗುರುತು ಹತ್ತಿತು. ಹಳೆಯ ಹಾಸಿಗೆ ಹೊದಿಕೆ ಇದ್ದರೂ ಸಾಕು ಅಂದಳು. ಪೆಟ್ಟಿಗೆಯಲ್ಲಿ ಸುಮ್ಮನೆ ಜಿರಲೆ ತಿನ್ನುವುದಕ್ಕಿಂತ ಅವಳ ಮರಕ್ಕೇ ಆಗಲಿ ಎಂದರು ಅವರು. ಹಾಗೆ ಹೇಳಿದರೇ ಹೊರತು, ಕತ್ತರಿ ಕೈಗೆ ತೆಗೆದುಕೊಂಡ ಮೇಲೆ ಕತ್ತರಿಸಲು ಆಗಲಿಲ್ಲ. ಚಿಕ್ಕಮ್ಮ ಅವಸರ ಮಾಡಲಿಲ್ಲ. ಮುರ್ತಿನಾ ಅರೆಯುತ್ತಿದ್ದ ಕಡಲೆಕಾಯಿ ಚಟ್ನಿಯ ಖಾರದ ಮಾತು ತೆಗೆದಳು, ಅದನ್ನು ತಿಂದು ತನ್ನ ಗಂಡ ಬಾವಿಕಟ್ಟೆಗೆ ಓಡಿದ ಕತೆ ಹೇಳಿದಳು. ಕಸ್ಮುರಿ ನಕ್ಕರು, ತೋಳಿನಿಂದ ಕಣ್ಣು ಒರೆಸಿಕೊಂಡರು, ಆಮೇಲೆ ಕತ್ತರಿಸಿದರು.

ಅರವತ್ತು ಚೀಲಗಳಾದವು. ಕಾಯಿ ಹೆಬ್ಬೆರಳ ಗಾತ್ರವಿರುವಾಗಲೇ ಇರುವೆ ಕೊಡವಿ ಕಟ್ಟಬೇಕು, ನೀರು ಇಳಿಯಲು ತಳದಲ್ಲಿ ಒಂದು ಸೀಳು ಬಿಡಬೇಕು. ಕಸ್ಮುರಿ ಬಾಳೆನಾರನ್ನು ಬಿಗಿದ ಬಿಗಿತಕ್ಕೆ ನಾಲ್ಕು ಗೊಂಚಲು ಉದುರಿಯೇ ಹೋದವು.

"ಅಂಚೆ ಮೂಟೆ ಕಟ್ಟಿದ ಹಾಗೆ ಕಟ್ಟಬೇಡಿ, ಪಾಕ್. ಇದು ಬೆಳೀಬೇಕು," ಅಂದಳು ಚಿಕ್ಕಮ್ಮ.

ಕೆಲವಕ್ಕೆ ಕಟ್ಟುವುದು ತಡವಾಗಿ ಒಳಗೆ ಹುಳು ಬಿತ್ತು. ಉಳಿದವು ಚೆನ್ನಾಗಿ ಕೆಂಪೇರಿದವು. ಪಿಕಳಾರಗಳು ಚೀಲಗಳ ಮೇಲೆ ಕೂತು, ಅತ್ತಿತ್ತ ಕುಕ್ಕಿ ನೋಡಿ, ಮೇಲಿನ ಕೊಂಬೆಗೆ ಹೋಗುತ್ತಿದ್ದವು.

ಸಾವಿರದ ದಿನದ ಬೆಳಗ್ಗೆ ಕಸ್ಮುರಿಯವರ ಮಗಳು ವಿನಾರ್ತಿ ಸುರಬಾಯಾದಿಂದ ಬಂದಳು. ಮರದ ತುಂಬ ತಾಯಿಯ ಬಟ್ಟೆ ನೋಡಿ ಗೇಟಿನ ಹತ್ತಿರವೇ ನಿಂತುಬಿಟ್ಟಳು. ಕೇಳದೆ ಕತ್ತರಿಸಿದ್ದಕ್ಕೆ ಮಗಳು ಏನನ್ನುತ್ತಾಳೋ ಎಂದು ಕಸ್ಮುರಿಗೆ ಅಳುಕು. ಅವಳು ಮರದ ಬುಡಕ್ಕೆ ಬಂದಳು. ಒಂದು ಚೀಲ ಬಿಚ್ಚಿ, ಬಟ್ಟೆಯನ್ನು ಕೆನ್ನೆಗೊತ್ತಿಕೊಂಡು, ಹಣ್ಣನ್ನು ತೊಳೆಯದೆ ಹಾಗೇ ಕಚ್ಚಿದಳು.

"ಸಿಹಿ ಇದೆ, ಅಪ್ಪಾ," ಅಂದಳು.

ಆ ಸಂಜೆ ಬಂದವರಿಗೆಲ್ಲ ಒಂದೊಂದು ಹಣ್ಣು ಸಿಕ್ಕಿತು.

ಮರುವರ್ಷ ಚಿಕ್ಕಮ್ಮನ ಮಂಡಿ ಕೈಕೊಟ್ಟಿತು. ಅಲ್ಲಿಂದ ಏಣಿ ಹತ್ತುವುದು ಕಸ್ಮುರಿಯವರ ಕೆಲಸವಾಯಿತು. ಚಿಕ್ಕಮ್ಮ ಕೆಳಗೆ ಬೆಂಚಿನ ಮೇಲೆ ಕೂತು ಚೀಲ ಹೊಲಿಯುತ್ತಾ ತಪ್ಪು ಹುಡುಕುತ್ತಾಳೆ. ಊರಿನವರು ಮಾತಾಡಿಕೊಂಡರು. ವಿನಾರ್ತಿಯಂತೂ ಒಮ್ಮೆ ನೇರವಾಗಿ ಕೇಳಿಯೇಬಿಟ್ಟಳು, ಇಬ್ಬರೂ ಮದುವೆಯಾದರೆ ಏನಂತೆ ಎಂದು. ಒಬ್ಬರ ಅಡುಗೆ ಒಬ್ಬರಿಗೆ ಸೇರುವುದಿಲ್ಲ, ಬೇಲಿ ಇದ್ದರೇ ಜಗಳವಿಲ್ಲ ಎಂದು ಚಿಕ್ಕಮ್ಮ ನಕ್ಕಳು. ಆ ಬೇಲಿಗೆ ಈಗ ಒಂದು ಬಾಗಿಲಿದೆ. ನಿನ್ನೆ ಇಬ್ಬರೂ ನಮ್ಮ ಮನೆಗೆ ಬಂದು, ಸೀಬೆಗೆ ನಲವತ್ತು ಚೀಲ ಕಟ್ಟಿ, ಊಟ ಮಾಡಿಕೊಂಡು ಹೋದರು.